ರುದ್ರಣ್ಣನ ಪಾಲಿನ ಹೊಡೆತ

ಗೆಳೆಯರೇ, ಚಳ್ಳಕೆರೆಯ ನಮ್ಮ ಸಣ್ಣ ಕ್ಲಬ್ಬಿನಲ್ಲಿ ಇವತ್ತು ಗಂಡಸರ ವಾರದ ಕೇರಂ. ರುದ್ರಣ್ಣ ತೀರಿಕೊಂಡ ಮೇಲೆ ಇದೇ ಮೊದಲು. ಅವನ ಖಾಲಿ ಕುರ್ಚಿಯಲ್ಲಿ ಕೂರಲು ಹೋದೆ.

"ಲೇ, ಅಲ್ಲಿ ಕೂರಬ್ಯಾಡ. ಅವನ ಪಾಲಿಂದು ನಾನೇ ಹೊಡಿತೀನಿ" ಎಂದ ಅವನ ಜೋಡಿ ತಿಪ್ಪೇಸ್ವಾಮಿ.

ಜೋಡಿ ಬರುವುದು ತಡವಾದರೆ ಅವನ ಸರದಿಯನ್ನು ಜೊತೆಗಾರನೇ ಆಡುವುದು ನಮ್ಮಲ್ಲಿ ರೂಢಿ. ಯಾರೂ ತಕರಾರು ತೆಗೆಯಲಿಲ್ಲ. ತಿಪ್ಪೇಸ್ವಾಮಿ ಪ್ರತಿ ಸಲ ಎದ್ದು ಆ ಕಡೆ ಹೋಗಿ, ನಿಂತೇ ಹೊಡೆದ.

ಕೊನೆಗೆ ರುದ್ರಣ್ಣನ ಸರದಿಗೆ ಕೆಂಪು ಕಾಯಿ ಪಾಕೆಟ್ಟಿನ ಬಾಯಲ್ಲೇ ಇತ್ತು. ಮೆಲ್ಲಗೆ ತಾಗಿಸಿದ್ದರೆ ಸಾಕಿತ್ತು. ಆದರೆ ತಿಪ್ಪೇಸ್ವಾಮಿ ಥೇಟ್ ರುದ್ರಣ್ಣನ ಹಾಗೆ ಜೋರಾಗಿ ಹೊಡೆದು, ತಪ್ಪಿಸಿ, ಸೋತ.

"ಇವನ್ನ ಕಟ್ಕೊಂಡು ಒಂದು ವಾರನಾದ್ರೂ ಗೆದ್ದೀನೇನ್ರಲೇ" ಎಂದು ಎಂದಿನಂತೆ ಕುರ್ಚಿಯತ್ತ ನೋಡಿ ಬೈದ.

ರುದ್ರಣ್ಣ ತಿರುಗಿ ಬೈಯುವ ಸರದಿಯನ್ನು ಮಾತ್ರ ಅವನಿಗೆ ಆಡಲಾಗಲಿಲ್ಲ.