ಮುಖ ನೋಡದ ಮೆಷಿನ್ನಿಗೆ ಒಂದು ಹೂ

ಇವತ್ತು ಆಯುಧಪೂಜೆ ಅಲ್ವಾ ಮಾರಾಯ್ರೆ, ದರ್ಬೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗಾಗಿ ನನಗೂ ಅತ್ತೆಗೂ ಜಗಳ. ಅವರು ಅದಕ್ಕೆ ಗಂಧ ಹಚ್ಚಿ, ಕತ್ತಿ, ಸ್ಕೂಟರಿನ ಕೀ ಜೊತೆ ಪೂಜೆಗೆ ಇಟ್ಟಾಗಿತ್ತು. ಪೂಜೆಗಿಟ್ಟದ್ದನ್ನು ಇವತ್ತು ಮುಟ್ಟಬಾರದಂತೆ. ನನಗೋ ಮೇನ್‌ಫ್ರೇಮಿನಲ್ಲಿ ಅದನ್ನು ನಡೆಸುವ ಸಾಫ್ಟ್‌ವೇರ್ ಲಿನಕ್ಸ್ ಎಬ್ಬಿಸಬೇಕು. ಬ್ಯಾಂಕೊಂದರ ದೊಡ್ಡ ಕಂಪ್ಯೂಟರ್ ಅದು, ಇರುವುದು ಜರ್ಮನಿಯಲ್ಲಿ. ಅವರಿಗೆ ಎಂತ ಆಯುಧಪೂಜೆ? ನಾನು ಇಲ್ಲಿಂದ ಹೇಳಿದರೆ ಅದು ನೆಟ್‌ವರ್ಕಿನಿಂದಲೇ ಲಿನಕ್ಸನ್ನು ಎಳೆದುಕೊಂಡು ಏಳುತ್ತದೆ.

"ಇದು ಮೆಷಿನ್ ಅಲ್ಲ ಅತ್ತೆ, ಅದರ ಹತ್ರ ಮಾತಾಡ್ಲಿಕ್ಕೆ ಇರುದು ಅಷ್ಟೆ," ಎಂದೆ.

"ಹಾಗಾದ್ರೆ ಮೆಷಿನ್ ನೋಡ್ಲಿಕ್ಕೆ ಹೇಗುಂಟು?"

"ನಾನು ನೋಡಿಲ್ಲ."

"ಇಷ್ಟು ವರ್ಷ ಅದನ್ನು ಎಬ್ಬಿಸ್ಲಿಕ್ಕೆ ನೀನು ಬೇಕು, ಒಮ್ಮೆಯೂ ಮುಖ ನೋಡಿಲ್ವಾ ಮಾರಾಯ್ತಿ?"

ಮಾತು ನಾಟಿತು. ಅದು ಏಳುವಾಗ ಪರದೆಯಲ್ಲಿ ಓಡುವ ಸಾಲುಗಳೆಲ್ಲ ನನಗೆ ಬಾಯಿಪಾಠ. ಅದರ ಬಣ್ಣ ಯಾವುದೆಂದು ಮಾತ್ರ ಗೊತ್ತಿಲ್ಲ.

ಅತ್ತೆ ಕರಗಿದರು. ಲ್ಯಾಪ್‌ಟಾಪ್ ಕೈಗೆ ಕೊಟ್ಟು, "ಅಲ್ಲಿದ್ದವರ ಹತ್ರ ಒಂದು ಹೂ ಇಡ್ಲಿಕ್ಕೆ ಹೇಳು," ಎಂದರು. ಹೇಳಿದೆ. ಮೆಷಿನ್ನಿನ ಒಂದು ಫೋಟೋವನ್ನೂ ಕೇಳಿದೆ. ಅಲ್ಲಿಯ ಮೆಷಿನ್ ರೂಮಿನವ ಬರೆದ: "ಹೂವನ್ನೂ ಕ್ಯಾಮೆರಾವನ್ನೂ ಒಳಗೆ ಬಿಡುವುದಿಲ್ಲ. ನಿಮ್ಮ ಪರವಾಗಿ ನಾನು ಮುಟ್ಟಿದೆ. ಬೆಚ್ಚಗಿದೆ."

ಬೆಚ್ಚಗಿದೆಯಂತೆ! ಇಷ್ಟು ವರ್ಷದಲ್ಲಿ ನನಗೆ ಆಗದ್ದನ್ನು ಅವ ಸುಮ್ಮನೆ ಆಚೆ ಈಚೆ ಹೋಗುವಾಗ ಮಾಡಿಬಿಟ್ಟ. ಅತ್ತೆಗೆ ಓದಿ ಹೇಳಿದೆ. ಅವರಿಗೆ ಒಂದೇ ಸಂಶಯ:

"ಕೈ ತೊಳೆದು ಮುಟ್ಟಿದ್ದಾನಾ ಅವ?"

ನಾಚಿಕೆ ಬಿಟ್ಟು ಅದನ್ನೂ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.