ಹೆಸರು ಸೋಸುವ ಕಿವಿ

ವಾಲ್ನಟ್ ಕ್ರೀಕ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ವಕೀಲರ ಆಫೀಸಿನ ಮೂರನೇ ಮಹಡಿಯಲ್ಲಿ ಇಂದು ಎಂಬ ಮಹಿಳೆ ಒಬ್ಬರೇ ಕಣ್ಣು ಮುಚ್ಚಿ ಕುಳಿತು ಯಾರನ್ನೋ ಕರೆಯುತ್ತಿದ್ದಾರೆ. "ವೆಂಟಾಲಿ... ಬೆಂಟಾಲಿ... ವೆಂಟಾಲಿ." ಓಗೊಡುವವರು ಯಾರೂ ಇಲ್ಲ. ಕಸ ಗುಡಿಸುವಾಕೆ ಮೊದಲ ದಿನ ಇದನ್ನು ಕೇಳಿ ಬಕೆಟ್ಟು ಬಿಟ್ಟು ಓಡಿದ್ದಳಂತೆ.

ದೆವ್ವವಲ್ಲ, ಟ್ರೇಡ್‌ಮಾರ್ಕು. ಯುರೋಪಿಗೆ ಹೊರಟ ಡಾಟ್‌ಕಾಮ್ ಕಂಪನಿಗಳ ಹೆಸರು ಸೋಸುವುದು ಇವರ ಕೆಲಸ. ಅಲ್ಲಿ ಒಕ್ಕೂಟದ ಎಲ್ಲ ದೇಶಗಳ ಕಾನೂನನ್ನೂ ಒಂದೇ ಅಚ್ಚಿಗೆ ತಂದಿದ್ದಾರೆ. ಒಂದು ಅರ್ಜಿ ಹಾಕಿದರೆ ಹದಿನೈದು ದೇಶಗಳಲ್ಲೂ ಹೆಸರು ನಿಮ್ಮದೇ. ಆದರೆ ಅದೇ ವ್ಯಾಪಾರದಲ್ಲಿ, ಒಂದೇ ಒಂದು ದೇಶದಲ್ಲಿ, ಹಾಗೇ ಕೇಳಿಸುವ ಹಳೆಯ ಹೆಸರಿದ್ದು ಅದರ ಒಡೆಯರು ತಕರಾರು ತೆಗೆದರೆ ಇಡೀ ಅರ್ಜಿ ಮಗುಚಿಕೊಳ್ಳುತ್ತದೆ.

ವೆಂಟಾಲಿ ಎಂಬ ಹೊಸ ಹೆಸರಿಗೆ ಆದದ್ದು ಅದೇ; ಸ್ಪೇನ್‌ನಲ್ಲಿ ಬೆಂಟಾಲಿ ಎಂಬ ಹಳೆಯ ಹೆಸರಿತ್ತು. "ನಂಗೆ ವ ಬೇರೆ, ಬ ಬೇರೆ. ಪಾಸ್ ಮಾಡ್ಬಿಟ್ಟೆ. ಸ್ಪೇನ್‌ನೋರ ಕಿವಿಗೆ ಎರಡೂ ಒಂದೇ," ಎನ್ನುತ್ತಾರೆ ಇಂದು. ಆ ಹೆಸರನ್ನೇ ನಂಬಿದ್ದ ಕಂಪನಿ ಬಾಗಿಲು ಹಾಕಿತು. ಅಂದಿನಿಂದ ಇವರು ದಿನಾ ಬೆಳಗ್ಗೆ ವ್ಯತ್ಯಾಸ ಕೇಳಿಸಿಕೊಳ್ಳದಿರುವುದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಈ 2001ರಲ್ಲಿ ಅವರು ಸೋಸಿ ಕಳಿಸಿದ ಹೆಸರುಗಳ ಕಂಪನಿಗಳೇ ಬಹುಪಾಲು ಮುಳುಗಿಹೋಗಿವೆ. ಹೆಸರುಗಳು ಮಾತ್ರ ಯುರೋಪಿನ ದಾಖಲೆಯಲ್ಲಿ ಜೀವಂತವಾಗಿವೆ. "ಫೋನ್ ಮಾಡಿದ್ರೆ ಖಾಲಿ ಆಫೀಸಲ್ಲಿ ಆನ್ಸರಿಂಗ್ ಮೆಷೀನು ನಗ್ತಾ ಹೆಸರು ಹೇಳತ್ತೆ. ಮೈ ಜುಂ ಅನ್ನತ್ತೆ ರೀ."

ಅದಕ್ಕಿಂತ ದೊಡ್ಡ ಭಯ ಮನೆಯಲ್ಲಿದೆ. ಕಳೆದ ತಿಂಗಳು ಸ್ಯಾನ್ ರಮೋನ್‌ನ ಅಪಾರ್ಟ್‌ಮೆಂಟಿನಲ್ಲಿ ತಾಯಿ ಕೆಂಪಮ್ಮ ಬಚ್ಚಲಿನಿಂದ ಕೂಗಿದರು: "ಇಂದೂ, ಇಲ್ಲಿ ಬರೀ ಕೊಳೆ ಕಣೇ." ಇಂದುವಿಗೆ ಕೇಳಿಸಿದ್ದು ಕೊಲೆ. ಎದ್ದುಬಿದ್ದು ಓಡಿದರೆ ಕೆಂಪಮ್ಮ ಟಬ್ಬು ಉಜ್ಜುತ್ತಿದ್ದರು. ಮೊದಲು ವ-ಬ ಹೋಯಿತು, ಈಗ ಲ-ಳವೂ ಕೈಕೊಡುತ್ತಿದೆ. ಹುಟ್ಟಿದ ಭಾಷೆ ಕಿವಿಯೊಳಗೇ ಸವೆಯುತ್ತಿದೆ ಎಂದರೆ ಯಾರಿಗೆ ತಾನೇ ದಿಗಿಲಾಗುವುದಿಲ್ಲ?

ಸಂಜೆ ಕೆಂಪಮ್ಮ ಮೊಮ್ಮಗಳು ಮಾನ್ಯಾಳಿಗೆ ಕನ್ನಡ ಹೇಳಿಕೊಡುತ್ತಾರೆ. ಇಂದುವೂ ಪಕ್ಕದಲ್ಲಿ ಕೂರುತ್ತಾರೆ.

"ಬಾಲೆ ಅಂದ್ರೆ ಹುಡುಗಿ. ಬಾಳೆ ಅಂದ್ರೆ ಹಣ್ಣು. ಹೇಳಿ ನೋಡಣ."

ಮಾನ್ಯಾ ಹೇಳುತ್ತಾಳೆ. ಅಜ್ಜಿ ಸರಿಯೆಂದು ತಲೆಯಾಡಿಸುತ್ತಾರೆ. ಇಂದು ಎರಡನ್ನೂ ನಿಧಾನಕ್ಕೆ ಹೇಳುತ್ತಾರೆ.

"ಅಮ್ಮಾ, ಯು ಸೆಡ್ ದ ಸೇಮ್ ಒನ್ ಟ್ವೈಸ್," ಎನ್ನುತ್ತಾಳೆ ಮಗಳು.

ಇಂದು ನಗುತ್ತಾರೆ, ಆದರೆ ಕಣ್ಣು ತುಂಬಿದೆ. ಕೆಲಸ ಬಿಡುವ ಯೋಚನೆಯಿಲ್ಲ. ಅವರ ಆಸೆಯೂ ದೊಡ್ಡದಲ್ಲ.

"ಅವ್ಳು ಸರಿಯಾಗಿ ಕಲೀಲಿ. ನಂಗೆ ಕೇಳಿಸ್ದೇ ಇದ್ರೂ ಪರ್ವಾಗಿಲ್ಲ. ಸರಿ ಹೇಳಿದ್ಲು ಅಂತ ನಂಗೆ ಹೇಳೋಕೆ ಅಮ್ಮ ಇರ್ಬೇಕು, ಅಷ್ಟೇ."