ಸೀತಾಫಲದ ಬೀಜ, ಅತ್ತೆಯ ಅಂಗೈ

ನಮ್ಮ ಅತ್ತೆಯ ಎರಡೂ ಹೆಬ್ಬೆರಳಿನ ಉಗುರುಗಳು ನಡುವೆ ತುಸು ತಗ್ಗಾಗಿ, ಸವೆದ ಹಳೆಯ ಚಮಚೆಯ ಹಾಗೆ ಹೊಳೆಯುತ್ತಿದ್ದವು. ಓಣಿಯ ಹೆಣ್ಣುಮಕ್ಕಳ ಹೇನುಗಳನ್ನು ಒತ್ತಿ ಒತ್ತಿ ಆದ ತಗ್ಗು ಅದು. ಒತ್ತಿದಾಗ ‘ಟಿಕ್’ ಎಂದು ಸಣ್ಣ ಸದ್ದು. ಆ ಸದ್ದನ್ನು ನಾನು ನಾಲಿಗೆಯಿಂದ ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ, ಮದುವೆಯ ಪಂಕ್ತಿಯಲ್ಲಿ ಒಮ್ಮೆ ‘ಟಿಕ್’ ಅಂದರೆ ಸಾಲಿನಲ್ಲಿದ್ದ ಅರ್ಧ ಮಂದಿ ತಲೆ ಕೆರೆದುಕೊಳ್ಳುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಮೂಲ ಬೀದರ್ ಕಡೆ. ಅಪ್ಪ ನಾಸಿಕ್‌ನ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಅತ್ತೆಯನ್ನು ಕೊಟ್ಟದ್ದು ಔರಂಗಾಬಾದಿನ ಕಿರಾಣಿ ವ್ಯಾಪಾರಸ್ಥರ ಮನೆಗೆ. ಈಗ ಅದು ಛತ್ರಪತಿ ಸಂಭಾಜಿನಗರ. ಅತ್ತೆ ಎರಡೂ ಹೆಸರು ಹೇಳದೆ ‘ನಮ್ಮೂರು’ ಅಂದು ಮುಗಿಸುತ್ತಿದ್ದಳು. ಬೀದರಿಗೂ ಅದೇ ಹೆಸರು. ಯಾವ ‘ನಮ್ಮೂರು’ ಎಂಬುದನ್ನು ಅವಳ ಗದ್ದ ಯಾವ ದಿಕ್ಕಿಗೆ ತಿರುಗಿದೆ ಎಂಬುದರ ಮೇಲೆ ನಾವು ತಿಳಿದುಕೊಳ್ಳಬೇಕಿತ್ತು.

ಅವಳು ಕೂರುತ್ತಿರಲಿಲ್ಲ. ಉಣ್ಣುವುದೂ ನಿಂತೇ. ಮಾತಾಡುತ್ತ ಡಬ್ಬಿಗಳ ಜಾಗ ಬದಲಿಸುವಳು, ಬದಲಿಸಿದ್ದನ್ನು ಮತ್ತೆ ಮೊದಲಿನ ಜಾಗಕ್ಕೆ ತರುವಳು. ನಿದ್ದೆಯಲ್ಲೂ ಕಾಲಾಡಿಸುತ್ತಾಳೆ ಎಂದು ಮಾವ ದೂರುತ್ತಿದ್ದರು. ಅತ್ತೆ ಒಂದು ಕಡೆ ಕೂತದ್ದನ್ನು ನೋಡಬೇಕೆಂದರೆ ನಿಮ್ಮ ತಲೆಯಲ್ಲಿ ಹೇನಿರಬೇಕಿತ್ತು. ಆಗ ಮಾತ್ರ ಹಿತ್ತಲಿನ ಸೀತಾಫಲದ ಗಿಡದ ಕೆಳಗೆ ಮಣೆ ಹಾಕಿಕೊಂಡು ಕಲ್ಲಿನ ಹಾಗೆ ಕೂತುಬಿಡುವಳು.

ಆ ಗಿಡವನ್ನು ಮಾವ ದೌಲತಾಬಾದಿನ ಗುಡ್ಡದ ಕಡೆಯಿಂದ ತಂದು ನೆಟ್ಟಿದ್ದರಂತೆ. ಅತ್ತೆಯ ಪಾಲಿಗೆ ಅದೊಂದು ದವಾಖಾನೆ. ಏಳುತ್ತಿರುವ ಕುರುವಿಗೆ ಎಲೆ ಅರೆದು ಕಟ್ಟುವಳು. ಒಡೆದ ಕುರುವಿಗೆ ಮಾತ್ರ ಯಾರು ಕಾಲು ಹಿಡಿದರೂ ಕಟ್ಟಳು. ನೆಗಡಿಯಾದವರಿಗೆ ಹಣ್ಣಿಲ್ಲ. ಮಕ್ಕಳು ಹಣ್ಣು ತಿಂದರೆ ಬೀಜವನ್ನು ಬಟ್ಟಲಿಗೇ ಉಗುಳಬೇಕು. ಯಾರಾದರೂ ಬೀಜ ಕಡಿದ ಸದ್ದಾದರೆ ಬಾಯಿಗೆ ಬೆರಳು ಹಾಕಿ ತೆಗೆಯುವಳು. ಒಣಗಿಸಿದ ಬೀಜವನ್ನು ಅಡುಗೆಗೆ ಬಳಸದ ಬೇರೆ ಕುಟ್ಟಾಣಿಯಲ್ಲಿ, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಕುಟ್ಟಿ, ಕೆಂಪು ದಾರ ಸುತ್ತಿದ ಡಬ್ಬಿಯಲ್ಲಿ ಅಟ್ಟದ ಮೇಲಿಡುವಳು. ಬಸುರಿಯರು ಆ ಡಬ್ಬಿಯ ಹತ್ತಿರ ಸುಳಿಯುವಂತಿರಲಿಲ್ಲ.

“ಹಣ್ಣು ಮಂದಿಗಿ, ಬೀಜ ಹೇನಿಗಿ. ಅದಲಾಬದಲಿ ಆದ್ರ ದವಾಖಾನಿಗಿ” ಅನ್ನುತ್ತಿದ್ದಳು.

ನನ್ನ ವಿಷಯಕ್ಕೆ ಬರುತ್ತೇನೆ, ಬಹಳ ಹೊತ್ತಾಯಿತು. ಆಗ ನಾನು ನಾಸಿಕ್‌ನಲ್ಲಿ ಕಾಲೇಜು ಹುಡುಗ. ಎಸ್.ಟಿ. ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮ ಪ್ರಿನ್ಸಿಪಾಲರವರೆಗೆ ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗಿತ್ತು. ಯಾರೂ ಸಿಗದಿದ್ದರೆ ನನ್ನ ಕನ್ನಡವನ್ನೇ ಅಣಕಿಸಿಕೊಳ್ಳುತ್ತಿದ್ದೆ: ಕನ್ನಡದಲ್ಲಿ ಶುರುವಾಗಿ, ನಡುವೆ ಮರಾಠಿಯಲ್ಲಿ ಟಯರ್ ಪಂಕ್ಚರ್ ಆಗಿ, ಹಿಂದಿಯಲ್ಲಿ ಗ್ಯಾರೇಜು ಸೇರುವ ಕನ್ನಡ. ಹೀರೋಗಳ ಅನುಕರಣೆಗೆಂದು ಕತ್ತಿನವರೆಗೆ ಕೂದಲು ಬಿಟ್ಟಿದ್ದೆ. ಗಣಪತಿ ಮಂಡಳದ ಕಾರ್ಯಕ್ರಮದಲ್ಲಿ ಎಲ್ಲರೂ ಸರದಿಯಲ್ಲಿ ತೊಟ್ಟ ಒಂದು ವಿಗ್ ನನಗೂ ಬಂತು. ಮಂದಿ ಚಪ್ಪಾಳೆ ಹೊಡೆದರು. ವಿಗ್ ಹೋಯಿತು, ಅದರ ಒಕ್ಕಲು ನನ್ನ ತಲೆಯಲ್ಲಿ ಉಳಿಯಿತು.

ದೀಪಾವಳಿಯ ರಜೆಯಷ್ಟೊತ್ತಿಗೆ ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಓದುವಾಗ, ಉಣ್ಣುವಾಗ, ಹುಡುಗಿಯರ ಮುಂದೆ ಬಹಳ ಗಂಭೀರವಾಗಿ ನಿಂತಾಗ ಇನ್ನೂ ಹೆಚ್ಚು ತುರಿಕೆ. ಅತ್ತೆಯ ಊರಿಗೆ ಹೊರಟ ಬಸ್ಸಿನಲ್ಲಿ, ನಿಫಾಡಿನ ದ್ರಾಕ್ಷಿ ತೋಟಗಳನ್ನು ದಾಟುವಾಗ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ. ಅತ್ತೆಯ ಮನೆ ಸೇರಿದ ಕೂಡಲೇ ಅವಳು ನನ್ನ ಮುಖ ನೋಡಲಿಲ್ಲ, ತಲೆ ನೋಡಿದಳು.

“ಏ ಪೋರ, ಇದೇನು ತಲೀನೋ ಬಸ್‌ಸ್ಟ್ಯಾಂಡೋ? ಬೋಳಸ್ಕೊ. ಮನೀನೇ ಇಲ್ದಿದ್ರ ಹೇನು ಊರ ಬಿಟ್ಟು ಹೋತಾವ.”

“ಕೂದಲ ಹೋದ್ರ ನನ್ನ ಕಲಾ ಹೋತದರಿ ಅತ್ತಿ!”

“ನಿನ್ನ ಕಲಾ ಹೋದ್ರ ಓಣಿ ಮಂದಿ ಪೇಢೆ ಹಂಚ್ತಾರ. ಬಾ ಕುಂದುರು.”

ಪುಡಿ ಹಚ್ಚುವುದಕ್ಕೆ ಅವಳದೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಹಣೆಗೆ ಹಳೆಯ ಧೋತರದ ಪಟ್ಟಿ ಬಿಗಿಯಾಗಿ ಕಟ್ಟುವಳು. ತಲೆ ಹಿಂದಕ್ಕೆ ಬಾಗಿರಬೇಕು, ಕಣ್ಣು ಮುಚ್ಚಿರಬೇಕು. ಬಲಗೈಯಿಂದ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಕೂದಲಿಗೆ ಹಚ್ಚುತ್ತ, ಎಡಗೈಯ ಅಂಗೈಯನ್ನು ಪಟ್ಟಿಯ ಮೇಲೆ ಒತ್ತಿ ಹಿಡಿಯುವಳು, ಕೆರೆಗೆ ಕಟ್ಟೆ ಇದ್ದಂತೆ. ತೊಳೆಯುವವರೆಗೂ ಆ ಅಂಗೈ ತೆಗೆಯಳು. ಇನ್ನೊಂದು ನಿಯಮ ನನಗೆಂದೇ ಮಾಡಿದಂತಿತ್ತು: ಮಾತಾಡಬಾರದು. ಮಾತಾಡಿದರೆ ಹುಬ್ಬು ಏರುತ್ತದೆ, ಹುಬ್ಬು ಏರಿದರೆ ಪಟ್ಟಿ ಜಾರುತ್ತದೆ. “ಕಣ್ಣಾಗ ಬಿತ್ತಂದ್ರ ಹೇನಿಗಿ ಆಗೋದೇ ನಿನ್ನ ಕಣ್ಣಿಗಿ ಆತದ. ಗಪ್ ಕುಂದುರು.”

ಕೂತೆ. ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ನಾನು ಎಂದೂ ಕೂತವನಲ್ಲ. ತಲೆಯೊಳಗೆ ಸಾಯುತ್ತಿರುವ ಹೇನುಗಳ ಓಡಾಟ, ಕಾಲಲ್ಲಿ ಜೋಮು, ಗಂಟಲಲ್ಲಿ ಒತ್ತಿಟ್ಟ ಹತ್ತಾರು ದನಿಗಳು. ಆಗ ಅತ್ತೆಯ ಸೊಸೆ, ನನ್ನ ವೈನಿ, ಚಹಾ ತಂದಳು. ಗಂಗಾಪುರದ ಮರಾಠಿಯವಳು, ಈ ಮನೆಗೆ ಬಂದು ಕನ್ನಡ ಕಲಿತವಳು.

“ಭಾವಜೀ, ಆಜ್ ಇತಕೇ ಶಾಂತ? ಬ್ಯಾಟರಿ ಮುಗೀತು ಕಾಯ್? ಆತ್ಯಾ ಮೇಥಿ ತೊಗೋತಾರಲ್ಲ, ತೇ ಕರೂನ್ ದಾಖವಾ ನಾ!”

ಇವತ್ತೇಕೆ ಇಷ್ಟು ಸುಮ್ಮನೆ, ಅತ್ತೆ ಮೆಂತೆಸೊಪ್ಪು ಕೊಳ್ಳುವುದನ್ನು ಮಾಡಿ ತೋರಿಸು ಎಂದು ಅವಳ ಬೇಡಿಕೆ. ಅದನ್ನು ನಾನು ಹಿಂದೆ ಎಷ್ಟೋ ಸಲ ಮಾಡಿದ್ದೆ. ಅತ್ತೆ ಒಮ್ಮೆಯೂ ನಕ್ಕಿರಲಿಲ್ಲ, “ಮಂಗ್ಯಾ” ಎಂದು ಬೈದು ಒಳಗೆ ಹೋಗುತ್ತಿದ್ದಳು. ಅವಳು ನಗಲಿಲ್ಲವೆಂಬುದೇ ನನಗೆ ತಲೆಯ ತುರಿಕೆಗಿಂತ ದೊಡ್ಡ ತುರಿಕೆಯಾಗಿತ್ತು. ಈಗ ಅವಳು ಓಡಿಹೋಗುವಂತಿಲ್ಲ; ಅಂಗೈ ನನ್ನ ಹಣೆಗೆ ಕಟ್ಟಿಬಿದ್ದಿದೆ. ಶುರು ಮಾಡಿಯೇಬಿಟ್ಟೆ.

“ಏ ಭಾವೂ! ಮೇಥೀ ಕಶೀ ದಿಲೀ? ಹ್ಯಾಂಗ ಕೊಟ್ಟಿ? ಇದೇನು ಮೇಥಿನೋ ಕಸಬರಿಗಿನೋ? ಇತನಾ ಸೂಖಾ? ನಿಮ್ಮ ಅವ್ವಗ ಇಂಥಾ ಪಲ್ಯ ಉಣಸ್ತಿ? ನಕೋ, ಬ್ಯಾಡ, ನಕೋ... ಏ, ಎಲ್ಲಿ ಹೊಂಟಿ, ನಿಲ್ಲು! ನಕೋ ಅಂದ್ರ ಹೋಗೇ ಬಿಡ್ತಿಯೇನು?”

ಹಿಂದೆ ಕೂತಿದ್ದ ಅವಳ ಹೊಟ್ಟೆ ಕುಲುಕಿದ್ದು ಮೊದಲು ಅದಕ್ಕೆ ಆನಿಕೊಂಡಿದ್ದ ನನ್ನ ಬೆನ್ನಿಗೆ ತಿಳಿಯಿತು. ಅತ್ತೆ ನಗುತ್ತಿದ್ದಳು. ಅವಳ ಮುಂದಿನ ಒಂದು ಹಲ್ಲು ಎಳೆಯ ವಯಸ್ಸಿನಲ್ಲೇ ಹೋಗಿತ್ತು. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುವುದು ಅಂದಿನಿಂದ ಅವಳ ರೂಢಿ. ಬಲಗೈ ತುಂಬ ಪುಡಿ. ಹಾಗಾಗಿ ಎಡಗೈ ಹೋಯಿತು.

ಕಟ್ಟೆ ಒಡೆಯಿತು.

ಮೊದಲು ಎಡಗಣ್ಣು, ಹಿಂದೆಯೇ ಬಲಗಣ್ಣು. ಹಸಿಮೆಣಸಿನಕಾಯಿಯನ್ನು ಅರೆದು ತುಂಬಿದಂತೆ ಎಂದು ಬರೆಯಬಹುದು, ಆದರೆ ಮೆಣಸಿನಕಾಯಿಗೆ ಅವಮಾನ. ಚೀರಿದೆ. ವೈನಿ ಇನ್ನೂ ಜೋರಾಗಿ ನಕ್ಕಳು, ಗೋಡೆಯಾಚೆಯ ಹುಡುಗಿಯರೂ ನಕ್ಕರು. ಇಷ್ಟು ವರ್ಷ ಎಲ್ಲರ ಅಳುವನ್ನು ಆಡಿ ತೋರಿಸಿದವನು ಕೊನೆಗೆ ಅತ್ತರೆ ಯಾರು ನಂಬಬೇಕು?

“ನಗಬ್ಯಾಡ್ರೇ!” ಅತ್ತೆ ಒದರಿದಳು. “ಅವ ಯಾರ ದನೀನೂ ತೆಗದಿಲ್ಲ. ತನ್ನ ಸ್ವಂತ ದನೀಲೆ ಒದರ್ಲತ್ತಾನ. ನೀರು ತಾ!”

ನಲ್ಲಿಯ ಕೆಳಗೆ ಒಂದು ಬದಿಗೆ ತಲೆ ವಾಲಿಸಿ, ಬೆರಳಿಂದ ರೆಪ್ಪೆ ಬಿಡಿಸಿ, ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದಳು. ನೆರೆಮನೆಯವರು ಬಂದರು. ಒಬ್ಬರು ತುಪ್ಪ ಬಿಡಿ ಅಂದರು, ಒಬ್ಬರು ಬಾಣಂತಿಯ ಹಾಲು ತರುತ್ತೇನೆ ಅಂದರು. “ಏನೂ ಬ್ಯಾಡ. ಒಂದು ಶಾಣ್ಯಾತನ ಮಾಡಿದ್ದು ಸಾಕು” ಎಂದು ಅತ್ತೆ ನೀರು ಸುರಿಯುತ್ತಲೇ ಇದ್ದಳು. ಆಮೇಲೆ ಆಟೋದಲ್ಲಿ ಕಣ್ಣಿನ ಡಾಕ್ಟರ ಹತ್ತಿರ. ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಬಟ್ಟಲು.

ಡಾಕ್ಟರು ಹೆಂಗಸು, ದನಿಯಿಂದ ಚಿಕ್ಕ ವಯಸ್ಸಿನವರು. ಏನು ಬಿತ್ತು ಎಂದು ಕೇಳಿದರು. ಹೊರಗೆ ಬೆಂಚಿನಲ್ಲಿ ಹುಡುಗಿಯರ ಬಳೆಗಳ ಸದ್ದು ಕೇಳಿದ್ದೆ. ಹೇನಿನ ಮಾತು ಬಾಯಿಂದ ಹೊರಡಲಿಲ್ಲ. “ವೆಲ್ಡಿಂಗ್ ಕಿಡಿ” ಅಂದೆ, ಅಂಥ ಉರಿಯಲ್ಲೂ ತುಸು ಹೀರೋ ದನಿಯಲ್ಲಿ.

“ಸುಳ್ಳು ಅದ ರೀ ಡಾಕ್ಟರಬಾಯಿ” ಎಂದು ಅತ್ತೆ ಬಟ್ಟಲನ್ನು ಮೇಜಿನ ಮೇಲಿಟ್ಟ ಸದ್ದಾಯಿತು. “ಸೀತಾಫಳ ಕಾ ಬೀಜ. ಹೇನಿಗಿ ನಾನೇ ಹಚ್ಚೀನಿ. ಮೈನೇ ಲಗಾಯಾ. ಮೇರಾ ಹಾಥ್ ಸರಕಾ, ನನ್ನ ಕೈ ಜಾರ್ತು.”

ಡಾಕ್ಟರು ಬಯ್ದರು. ಹಬ್ಬದ ಮುಂದೆ ಇಂಥ ಕಣ್ಣುಗಳು ಬರುತ್ತಲೇ ಇರುತ್ತವೆ, ಯಾರೂ ನಿಜ ಹೇಳುವುದಿಲ್ಲ, ಕಣ್ಣು ಬಂದಿದೆ ಎನ್ನುತ್ತಾರೆ, ಧೂಳು ಎನ್ನುತ್ತಾರೆ, ನಾವು ಬೇರೆಯದಕ್ಕೇ ಔಷಧ ಕೊಡುತ್ತ ಕೂರುತ್ತೇವೆ ಎಂದರು. ಮತ್ತೆ ತೊಳೆದರು. ಎಡಗಣ್ಣಿನ ಕಪ್ಪುಗುಡ್ಡೆಯ ಮೇಲಿನ ತೆಳು ಪೊರೆ ಕಿತ್ತುಹೋಗಿದೆ. ನೀರು ಹಾಕಿದ್ದು ಒಳ್ಳೆಯದಾಯಿತು. ಉಳಿದದ್ದು ಪಟ್ಟಿ ಬಿಚ್ಚಿದಾಗ ತಿಳಿಯುತ್ತದೆ ಎಂದರು.

ಎಡಗಣ್ಣಿಗೆ ಪಟ್ಟಿ. ಬಲಗಣ್ಣು ಬೆಳಕು ಕಂಡರೆ ಉರಿಯುತ್ತಿದ್ದುದರಿಂದ ಅದೂ ಮುಚ್ಚಿಯೇ. ಕತ್ತಲಲ್ಲಿ ಬಿದ್ದುಕೊಂಡೆ. ಮಂದಿಯ ಮುಖ ಓದಿ ಹೊಟ್ಟೆಪಾಡು ಮಾಡಬೇಕೆಂದಿದ್ದವನು ಈಗ ಬರೀ ಕಿವಿಯಾಗಿದ್ದೆ. ಆ ಕಿವಿಗೆ ಬಿದ್ದದ್ದೆಲ್ಲ ಅತ್ತೆಯ ನಡಿಗೆ. ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಲು, ಹಿತ್ತಲಿಂದ ನನ್ನ ಹಾಸಿಗೆಯ ಬುಡ. ಒಂದು ಗಳಿಗೆ ನಿಂತು, ಮತ್ತೆ ಪಡಸಾಲೆ. ನಾನು ಪ್ರಿನ್ಸಿಪಾಲರ ದನಿ ತೆಗೆದೆ, ಕಂಡಕ್ಟರನ ದನಿ ತೆಗೆದೆ. ನಡಿಗೆ ನಿಲ್ಲಲಿಲ್ಲ. ಒಮ್ಮೆ ಅಟ್ಟದಿಂದ ಡಬ್ಬಿ ಇಳಿಸಿದ್ದು ಕೇಳಿಸಿತು, ಆಮೇಲೆ ಹಿತ್ತಲಲ್ಲಿ ಗುದ್ದಲಿಯ ಸದ್ದು. ಸುಟ್ಟರೆ ಹೊಗೆಯೂ ಕಣ್ಣಿಗೆ ಕೆಟ್ಟದ್ದೆಂದು ಹೂಳಿದ್ದಳು.

ಹಬ್ಬದ ಮುಂದೆ ಓಣಿಯ ಹೆಂಗಸರು ಪುಡಿ ಕೇಳಿಕೊಂಡು ಬರುತ್ತಲೇ ಇದ್ದರು. ಬಾಗಿಲಲ್ಲಿ ಅತ್ತೆಯ ಉತ್ತರ ಒಂದೇ: “ಇನ್ನ ಕೊಡಲ್ಲ. ಒಳಗ ನಮ್ಮ ಪೋರ ಕಣ್ಣ ಕಟ್ಕೊಂಡು ಬಿದ್ದಾನ.”

“ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲಲ್ರಿ ಅಕ್ಕಾ?” ಒಬ್ಬಳು ಬಿಡದೆ ಕೇಳಿದಳು.

“ಇಷ್ಟು ವರ್ಷ ನನ್ನ ಕೈ ಜಾರಿದ್ದಿಲ್ಲ, ಅಷ್ಟೇ. ಒಬ್ಬಕಿ ನಕ್ಕರ ಇನ್ನೊಬ್ಬರ ಕಣ್ಣ ಹೋತದಂದ್ರ ಅದು ಔಷಧ ಅಲ್ಲವ್ವಾ. ತಲಿ ತೋಯಿಸ್ಕೊಂಡು ಬಾ, ಸಣ್ಣ ಬಾಚಣಿಗಿ ಹಾಕ್ತೀನಿ.”

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಮಂಜು. ಮಂಜಿನಲ್ಲಿ ಒಂದು ಕುಂಕುಮ. ಆಮೇಲೆ ಅದರ ಸುತ್ತ ಅತ್ತೆ. ಅವಳ ಕಣ್ಣು ನನ್ನ ಕಣ್ಣಿಗಿಂತ ಕೆಂಪಾಗಿತ್ತು.

“ಕಾಣಸ್ತದೇನೋ?”

“ಕಾಣಸ್ತದರಿ. ಆದ್ರ ನಿಮಗ ಎರಡು ಮೂಗು ಅದಾವ.”

ಬೆನ್ನಿಗೊಂದು ಗುದ್ದು ಬಿತ್ತು. ನಗು ಮಾತ್ರ ಬರಲಿಲ್ಲ. ತಲೆ ಬೋಳಿಸಿಕೊಂಡು ಓಝರ್‌ಗೆ ಮರಳಿದೆ. ಹೇನೂ ಹೋದವು, ಹೀರೋನೂ ಹೋದ. ಎಡಗಣ್ಣು ಸರಿಯಾಯಿತು. ಇವತ್ತಿಗೂ ನಾನು ಕೆಲಸ ಮಾಡುವ ಸಿನ್ನರ್‌ನ ಕಾರ್ಖಾನೆಯಿಂದ ರಾತ್ರಿ ಬೈಕಿನಲ್ಲಿ ಬರುವಾಗ ಎದುರಿನ ಲಾರಿಯ ದೀಪದ ಸುತ್ತ ಒಂದು ತೆಳು ಬಳೆ ಕಾಣಿಸುತ್ತದೆ. ಅದನ್ನು ಅತ್ತೆಗೆ ಎಂದೂ ಹೇಳಲಿಲ್ಲ.

ಆದರೆ ಆಮೇಲೆ ಬಹಳ ವರ್ಷ ಅತ್ತೆ ನನ್ನ ಮುಂದೆ ಮತ್ತೆ ನಗಲಿಲ್ಲ. ಮೊದಲು ಬೈದು ಒಳಹೋಗುತ್ತಿದ್ದವಳು ಈಗ ಬೈಯುತ್ತಲೂ ಇರಲಿಲ್ಲ. ಮದುವೆ, ಸೀಮಂತ, ತೊಟ್ಟಿಲು, ಎಲ್ಲೇ ಮಂದಿ ನನ್ನನ್ನು ನಡುವೆ ನಿಲ್ಲಿಸಿದರೂ ಅವಳು ಹೊರಗೆ ಹೋಗುವಳು. ಹೋಗುವ ಮೊದಲು ಕೈ ಬಾಯಿಯತ್ತ ಏರುತ್ತಿದ್ದುದನ್ನು, ಅರ್ಧಕ್ಕೇ ಅದನ್ನವಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಊರೆಲ್ಲ ನಕ್ಕರೂ ಆ ಒಂದು ಖಾಲಿ ಜಾಗ ನನ್ನನ್ನು ನಿಲ್ಲಗೊಡುತ್ತಿರಲಿಲ್ಲ. ಹೊಸ ಹೊಸ ದನಿ ಕಲಿತು ಹೋಗುವೆ. ಅವಳು ಡಬ್ಬಿಗಳ ಜಾಗ ಬದಲಿಸುತ್ತಿರುವಳು.

ಅವಳು ತೀರಿಕೊಂಡದ್ದು ಸಂಕ್ರಾಂತಿಯ ಮುಂಚೆ. ಅದಕ್ಕೂ ಹಿಂದಿನ ದೀಪಾವಳಿಗೆ ನೋಡಲು ಹೋಗಿದ್ದೆ. ಹೃದಯ ದಣಿದಿತ್ತು, ನಡೆದಾಡಬಾರದು ಎಂದಿದ್ದರು. ಮಂಚದ ಮೇಲೆ ಕಾಲಿನ ಬದಲು ಕೈ ನಡೆಯುತ್ತಿತ್ತು, ಚಾದರದ ಅಂಚಿನಲ್ಲಿ ಆ ತುದಿಯಿಂದ ಈ ತುದಿಗೆ. ವೈನಿ ಹಿತ್ತಲಿನ ಗಿಡದ ಸೀತಾಫಲ ಬಿಡಿಸಿ ಕೊಟ್ಟಳು. ನಾನು ಬೀಜ ಉಗುಳುವ ಮುಂಚೆಯೇ ಬಟ್ಟಲು ಮುಂದಿತ್ತು.

“ಏ ಪೋರ” ಎಂದಳು ಅತ್ತೆ. ದನಿ ಬಹಳ ಸಣ್ಣಗಾಗಿತ್ತು. “ಆ ಮೇಥಿದು ಮಾಡು.”

“ಯಾವ ಮೇಥಿದು ರೀ?”

“ಭಾಳ ಶಾಣ್ಯಾ ಆಗಬ್ಯಾಡ. ಅವತ್ತ ಅರ್ಧಕ್ಕ ನಿಂತದಲ್ಲ, ಅದು.” ಆಮೇಲೆ, “ಅಲ್ಲಿಂದಲ್ಲ. ಇಕಡಿ ಬಾ. ಸನೇಕ ಕುಂದುರು.”

ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ತಲೆಯಲ್ಲಿ ಪುಡಿಯಿಲ್ಲ, ಎಣ್ಣೆಯಿಲ್ಲ. ನಿಜ ಹೇಳಬೇಕೆಂದರೆ ಮುಂದಿನ ಕೂದಲೂ ಆಗಲೇ ವಲಸೆ ಹೊರಟಿತ್ತು. ಆದರೂ ಅತ್ತೆಯ ಎಡಗೈ ಮೆಲ್ಲಗೆ ಬಂತು. ಹುಬ್ಬಿನ ಮೇಲೆ, ಹಣೆಗೆ ಅಡ್ಡಲಾಗಿ, ಅಂಗೈಯನ್ನು ಒತ್ತಿ ಹಿಡಿದಳು.

“ಹಾಂ. ಈಗ ಮಾಡು.”

“ಏ ಭಾವೂ! ಮೇಥೀ ಕಶೀ ದಿಲೀ...”

ಅವಳ ಹಳೆಯ ದನಿ ನನ್ನ ಬಾಯಲ್ಲಿತ್ತು. ಅವಳ ಬಾಯಲ್ಲಿ ಅದು ಉಳಿದಿರಲಿಲ್ಲ. ‘ನಕೋ ಅಂದ್ರ ಹೋಗೇ ಬಿಡ್ತಿಯೇನು’ ಎಂಬಲ್ಲಿಗೆ ಬಂದೆ. ಅವತ್ತು ನಿಂತದ್ದು ಅಲ್ಲಿ. ಅದರ ಮುಂದಿನದನ್ನೂ ಮಾಡಿದೆ: ಸೊಪ್ಪಿನವನು ತಿರುಗಿ ಬರುತ್ತಾನೆ, ಅತ್ತೆ ಮುಖ ಆಚೆ ತಿರುಗಿಸಿ “ಈಗ ನನಗ ಬ್ಯಾಡ” ಅನ್ನುತ್ತಾಳೆ.

ಮಂಚ ಅಲುಗಿತು. ನಾನು ತಲೆ ಹಿಂದಕ್ಕೆ ವಾಲಿಸಿ ನೋಡಿದೆ. ಅತ್ತೆ ಬಾಯಿಗೆ ಯಾವ ಕೈಯನ್ನೂ ಅಡ್ಡ ಹಿಡಿದಿರಲಿಲ್ಲ. ಹೋದ ಒಂದು ಹಲ್ಲಿನ ಜೊತೆ ಆಮೇಲೆ ಹೋದ ಹಲ್ಲುಗಳ ಜಾಗವನ್ನೆಲ್ಲ ತೆರೆದಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

ಹಣೆಯ ಮೇಲಿನ ಅಂಗೈ ಅಲ್ಲಾಡಲಿಲ್ಲ.